ಹೆಚ್ಚಿಗೆ ಬರೆದ ಏಳು ವರ್ಷ

ಆ ಮನೆಯಲ್ಲಿ ಮಾತು ನಿಂತು ಐದು ತಿಂಗಳಾಗಿತ್ತು. ಶಬ್ದವೇನೂ ನಿಂತಿರಲಿಲ್ಲ. ಮುಂದಿನ ಕೋಣೆಯಲ್ಲಿ ತಾಯಿಯ ಹೊಲಿಗೆ ಯಂತ್ರ ಬೆಳಗಿನಿಂದ ಸಂಜೆಯವರೆಗೆ ಓಡುತ್ತಿತ್ತು. ಗಿರಾಕಿಗಳು ಬಂದು ಒಬ್ಬರು ಸೊಂಟ ಸಡಿಲ ಮಾಡಿ ಎಂದರೆ ಇನ್ನೊಬ್ಬರು ತೋಳು ಬಿಗಿ ಮಾಡಿ ಎಂದು ಹೇಳಿ ಹೋಗುತ್ತಿದ್ದರು. ಮಹಡಿಯ ಮೇಲಿದ್ದ ಅತ್ತಿಗೆ, ಅಂದರೆ ಗಂಡನ ಅಕ್ಕ, ದಿನಕ್ಕೆ ನಾಲ್ಕು ಸಲ ಮೆಟ್ಟಿಲಿಳಿದು ಬಂದು ಲೋಕದ ವರದಿ ಒಪ್ಪಿಸುತ್ತಿದ್ದಳು. ನಿಂತದ್ದು ಮಗಳ ಮಾತು.

ಹದಿಮೂರು ವರ್ಷದ ಆ ಹುಡುಗಿಗೆ ಮನೆಯವರಿಟ್ಟ ಅಡ್ಡಹೆಸರು ಪಟಪಟಿ. ಹಲ್ಲುಜ್ಜುವಾಗಲೂ ನೊರೆ ತುಂಬಿದ ಬಾಯಲ್ಲೇ ಕಥೆ ಹೇಳುತ್ತಿದ್ದವಳು. ನಿದ್ದೆಯಲ್ಲೂ ಯಾರೊಂದಿಗೋ ವಾದ ಮಾಡುತ್ತಿದ್ದವಳು. ಅವಳ ಅಪ್ಪ ಸರಕು ಹಡಗಿನಲ್ಲಿ ಎಂಜಿನ್ ಮೆಕ್ಯಾನಿಕ್. ವರ್ಷಕ್ಕೆ ಎರಡು ತಿಂಗಳು ಮನೆಯಲ್ಲಿದ್ದರೆ ಹತ್ತು ತಿಂಗಳು ನೀರಿನ ಮೇಲೆ. "ಇವಳನ್ನ ಹಡಗಿಗೆ ಕರ್ಕೊಂಡು ಹೋದ್ರೆ ಸೈರನ್ ಬೇಕಾಗಲ್ಲ" ಎಂದು ನಗುತ್ತಿದ್ದ. ಈಗ ಅವಳು ಶಾಲೆಯಿಂದ ಬಂದು ಚಪ್ಪಲಿ ಬಿಟ್ಟು ಒಳಕೋಣೆಗೆ ಹೋದರೆ ಮುಗಿಯಿತು. ಊಟಕ್ಕೆ ಕರೆದರೆ "ಹೂಂ". ಸಾಕಾ ಎಂದರೆ "ಹೂಂ". ಬೇಕಾ ಎಂದರೂ "ಹೂಂ". ತಾಯಿ ಆ ಒಂದಕ್ಷರವನ್ನೇ ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅದರಲ್ಲಿ ಏನೂ ಸಿಗುತ್ತಿರಲಿಲ್ಲ.

ನಡೆದದ್ದು ಇಷ್ಟು. ಫೋನಿನ ಒಂದು ಆ್ಯಪ್‌ನಲ್ಲಿ ಪಟಪಟಿಗೆ ಒಬ್ಬ ಗೆಳತಿ ಸಿಕ್ಕಿದ್ದಳು. ತನಗೂ ಅವಳಷ್ಟೇ ವಯಸ್ಸು, ತನ್ನಪ್ಪನೂ ದೂರದಲ್ಲೇ ಇರುವುದು ಎಂದು ಹೇಳಿಕೊಂಡಿದ್ದಳು. ಎಂಟು ತಿಂಗಳು ಹುಡುಗಿ ಆ ಗೆಳತಿಗೆ ತನ್ನ ಧ್ವನಿಯಲ್ಲೇ ಸಂದೇಶ ಕಳಿಸಿದಳು. ಕ್ಲಾಸಿನಲ್ಲಿ ಯಾರು ಕಾಪಿ ಹೊಡೆಯುತ್ತಾರೆ, ಯಾರ ಅಪ್ಪ ಕುಡಿಯುತ್ತಾನೆ, ತನಗೆ ಯಾರನ್ನು ಕಂಡರೆ ಆಗುವುದಿಲ್ಲ, ಮನೆ ಎಷ್ಟು ಬೇಸರ, ಎಲ್ಲವನ್ನೂ ಹೇಳಿದಳು. ಆಮೇಲೆ ಗೆಳತಿ ಫೋಟೋ ಕೇಳಿದಳು. ಎಂಥ ಫೋಟೋ ಎಂದು ತಿಳಿದಾಗ ಪಟಪಟಿ ಆಗಲ್ಲ ಎಂದಳು. ಗೆಳತಿಯ ಮುಖವಾಡ ಕಳಚಿತು. ಒಳಗಿದ್ದವನು ಎಲ್ಲಿಯವನೋ, ಎಷ್ಟು ವಯಸ್ಸಿನವನೋ, ಇವತ್ತಿಗೂ ಗೊತ್ತಿಲ್ಲ. ಮೂರು ದಿನ ಗಡುವು ಕೊಟ್ಟ. ನಾಲ್ಕನೆಯ ದಿನ ಅವಳ ಧ್ವನಿಯ ತುಣುಕುಗಳನ್ನೆಲ್ಲ ಅವಳ ಶಾಲೆಯ ಮಕ್ಕಳಿಗೆ ಸಿಗುವ ಹಾಗೆ ಹರಿಯಬಿಟ್ಟ.

ಪೊಲೀಸರು ದೂರು ಬರೆದುಕೊಂಡರು. ಶಾಲೆಯವರು ಮಕ್ಕಳನ್ನು ಸಾಲಾಗಿ ಕೂರಿಸಿ ಬುದ್ಧಿ ಹೇಳಿದರು. ಆದರೆ ಆಡಿದ ಮಾತನ್ನು ವಾಪಸ್ಸು ತರುವುದು ಯಾರ ಕೈಲೂ ಆಗುವ ಕೆಲಸವಲ್ಲ. ಯಾರ ಅಪ್ಪ ಕುಡಿಯುತ್ತಾನೆ ಎಂದಿದ್ದಳೋ ಆ ಹುಡುಗಿಯೇ ಅವಳ ಬೆಂಚಿನ ಜೊತೆಗಾತಿ. ಆ ಬೆಂಚಿನಲ್ಲಿ ಈಗ ಪಟಪಟಿ ಒಬ್ಬಳೇ.

ತಾಯಿಯ ಬಗ್ಗೆಯೂ ಒಂದು ತುಣುಕಿತ್ತು. ಗಿರಾಕಿಯೊಬ್ಬಳು ಕನಿಕರದಿಂದಲೇ ಅದನ್ನು ಕೇಳಿಸಿದ್ದಳು. "ನಮ್ಮಮ್ಮ ಒಳ್ಳೇವ್ಳೇ ಕಣೇ. ಆದ್ರೆ ನಾನು ಏನ್ ಹೇಳಿದ್ರೂ 'ಆಮೇಲೆ ಹೇಳು ಪುಟ್ಟಾ' ಅಂತಾಳೆ. ಆ ಆಮೇಲೆ ಇದ್ಯಲ್ಲ, ಅದು ಇನ್ನೂ ಬಂದೇ ಇಲ್ಲ." ಕೊನೆಯಲ್ಲಿ ಒಂದು ನಗುವಿತ್ತು. ತಾಯಿ ಆ ನಗುವನ್ನು ಎಷ್ಟೋ ತಿಂಗಳ ನಂತರ ಕೇಳಿದ್ದಳು, ಬೇರೆಯವರ ಫೋನಿನಲ್ಲಿ.

ಇದೆಲ್ಲ ಊರಿಗೇ ಗೊತ್ತಿದ್ದ ಸಂಗತಿ. ಊರಿಗೆ ಗೊತ್ತಿಲ್ಲದ ಒಂದು ಸಂಗತಿ ತಾಯಿಯ ಹೊಟ್ಟೆಯಲ್ಲಿತ್ತು.

ಎರಡು ವರ್ಷದ ಹಿಂದೆ ಆ ಆ್ಯಪ್‌ನಲ್ಲಿ ಮಗಳ ಖಾತೆ ತೆರೆದವಳು ತಾಯಿಯೇ. ಹಡಗು ದೂರದ ಬಂದರಿಗೆ ಹೋಗಿತ್ತು. ಅಲ್ಲಿಂದ ಮುಖ ನೋಡಿ ಮಾತಾಡಬೇಕೆಂದರೆ ಈ ಆ್ಯಪ್ ಒಂದೇ ದಾರಿ ಎಂದು ಗಂಡ ಹೇಳಿದ್ದ. ಮಗಳು ಶಾಲೆಯಿಂದ ಬರುವಷ್ಟರಲ್ಲಿ ಎಲ್ಲ ಸಿದ್ಧ ಮಾಡಿಟ್ಟು ಅವಳನ್ನು ಅಚ್ಚರಿಗೊಳಿಸಬೇಕೆಂದು, ಒಲೆಯ ಮೇಲೆ ಅನ್ನಕ್ಕಿಟ್ಟು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಕೂತಿದ್ದಳು. ಹುಟ್ಟಿದ ವರ್ಷ ಯಾವುದು ಎಂದು ಆ್ಯಪ್ ಕೇಳಿತು. ಹದಿಮೂರು ತುಂಬಿರಬೇಕಂತೆ. ಮಗಳಿಗೆ ಹನ್ನೊಂದು.

ಎರಡು ವರ್ಷ ಕೂಡಿಸಿದ್ದರೆ ಸಾಕಿತ್ತು. ಆದರೆ ಇಪ್ಪತ್ತು ವರ್ಷ ಮಕ್ಕಳ ಬಟ್ಟೆ ಹೊಲಿದ ಕೈ ಅದು. ಬೆಳೆಯುವ ಮೈಗೆ ಯಾರಾದರೂ ಅಳತೆಗೆ ಸರಿಯಾಗಿ ಕತ್ತರಿಸುತ್ತಾರೆಯೇ? ಮಡಿಕೆಯಲ್ಲಿ ನಾಲ್ಕು ಬೆರಳು ಬಟ್ಟೆ ಬಿಡಬೇಕು, ಬಗಲಲ್ಲಿ ಎರಡು ಬೆರಳು. ಇಲ್ಲದಿದ್ದರೆ ಮುಂದಿನ ವರ್ಷ ಬಿಚ್ಚಿ ಹೊಲಿಯಲು ಏನಿರುತ್ತದೆ? ಸ್ವಲ್ಪ ದೊಡ್ಡದಾಗಿಯೇ ಇರಲಿ, ಮತ್ತೆ ಮತ್ತೆ ಕೇಳುವ ರಗಳೆ ಇರುವುದಿಲ್ಲ ಎಂದುಕೊಂಡು ಹದಿನೆಂಟಾಗುವ ಹಾಗೆ ವರ್ಷ ಹಾಕಿದಳು. ಫೋನು ತಕರಾರಿಲ್ಲದೆ ಒಪ್ಪಿಕೊಂಡಿತು. ಆ ಸಂಜೆ ಅಪ್ಪ ಮಗಳು ಮುಖ ನೋಡಿಕೊಂಡು ಒಂದು ಗಂಟೆ ಹರಟಿದರು.

ಆ ಸಂಖ್ಯೆ ಎಂಥ ಬಾಗಿಲು ತೆರೆದಿತ್ತು ಎಂಬುದು ತಿಳಿದದ್ದು, ತುಣುಕುಗಳನ್ನು ತೆಗೆಯಿರಿ ಎಂದು ಕೊಟ್ಟ ದೂರಿಗೆ ಆ್ಯಪ್ ಕಂಪನಿಯಿಂದ ಬಂದ ಉತ್ತರದಲ್ಲಿ. ಚಿಕ್ಕವರ ಖಾತೆಯಾದರೆ ಗುರುತಿಲ್ಲದವರು ಸಂದೇಶ ಕಳಿಸುವಂತಿಲ್ಲವಂತೆ. ಇದು ದೊಡ್ಡವರ ಖಾತೆ. "ನಮ್ಮ ದಾಖಲೆಯ ಪ್ರಕಾರ ಖಾತೆದಾರರು ವಯಸ್ಕರಾಗಿರುವುದರಿಂದ ತಮ್ಮ ದೂರು ಮಕ್ಕಳ ಸುರಕ್ಷತಾ ವಿಭಾಗದ ವ್ಯಾಪ್ತಿಗೆ ಬರುವುದಿಲ್ಲ" ಎಂದು ಬರೆದಿದ್ದರು. ಆ ತುಣುಕುಗಳನ್ನು ತೆಗೆಸಲು ಇಪ್ಪತ್ತಾರು ದಿನ ಹಿಡಿಯಿತು.

ಆ ಉತ್ತರ ಬಂದ ದಿನ ಅತ್ತಿಗೆ ಮೆಟ್ಟಿಲ ಮೇಲಿಂದಲೇ ಶುರು ಮಾಡಿದ್ದಳು. "ಹನ್ನೊಂದು ವರ್ಷಕ್ಕೇ ಹದಿನೆಂಟು ಅಂತ ಹಾಕ್ಕೊಂಡಿದಾಳೆ ಅಂದ್ರೆ ನೋಡು! ಬೀಜಕ್ಕಿಂತ ಮೊದ್ಲೇ ಮೊಳಕೆ!"

"ನಾನು ಹಾಕಿಲ್ಲ ಅತ್ತೆ" ಎಂದಳು ಮಗಳು.

"ಮತ್ಯಾರು, ದೆವ್ವ ಬಂದು ಹಾಕ್ತಾ?"

ಹುಡುಗಿ ತಾಯಿಯ ಕಡೆ ತಿರುಗಿದಳು. ತಾಯಿ ಲಂಗವೊಂದರ ನೆರಿಗೆ ಹಿಡಿಯುತ್ತಿದ್ದಳು. ಬಾಯಲ್ಲಿ ನಾಲ್ಕೈದು ಗುಂಡುಸೂಜಿ ಕಚ್ಚಿಕೊಂಡಿದ್ದಳು. ಆ ಸೂಜಿಗಳನ್ನು ತೆಗೆಯಲು ಒಂದು ಕ್ಷಣ ಸಾಕು. ತೆಗೆಯಲಿಲ್ಲ. ಒಂದೊಂದಾಗಿ ನೆರಿಗೆಗೆ ಚುಚ್ಚುತ್ತ ಹೋದಳು. ಕೊನೆಯ ಸೂಜಿ ಮುಗಿಯುವ ಹೊತ್ತಿಗೆ ಮಗಳು ಒಳಗೆ ಹೋಗಿಯಾಗಿತ್ತು. ಭಾನುವಾರ ಫೋನಿನಲ್ಲಿ ಅಪ್ಪನೂ "ಸುಳ್ಳು ಬರೀಬಾರದಿತ್ತು ಮಗಳೇ" ಎಂದ. ಅವಳು "ಹೂಂ" ಎಂದಳು. ಅದೇ ಮೊದಲ ಹೂಂ.

ನಾಳೆ ಹೇಳಿದರಾಯಿತು ಎಂದುಕೊಂಡಳು ತಾಯಿ. ಆದರೆ ನಾಳೆ ಎಂಬುದು ಇವತ್ತಿಗಿಂತ ಕಷ್ಟ. ವಾರ ಕಳೆದಂತೆ, ಹೇಳುವ ಮಾತಿನ ಜೊತೆಗೆ ಇಷ್ಟು ದಿನ ಏಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಗಂಡನಿಗೆ ತಾನು ಸಮರ್ಥೆ, ಅತ್ತಿಗೆಗೆ ತಾನು ಜಾಣೆ, ಗಿರಾಕಿಗಳಿಗೆ ತಾನು ಕೈ ತಪ್ಪದವಳು. ಅಷ್ಟೂ ಜನರ ನಡುವೆ ಅವಳು ಒಬ್ಬಂಟಿಯಾದಳು. ಗೋಡೆಯ ಆಚೆ ಮಗಳೂ ಒಬ್ಬಂಟಿ. ನಡುವೆ ಇದ್ದದ್ದು ಒಂದು ಬಾಗಿಲು, ಅದಕ್ಕೆ ಚಿಲಕವೂ ಇರಲಿಲ್ಲ.

ಆಗ ಬಂದವಳು ಶಾಲೆಯ ಲೈಬ್ರರಿ ಮೇಡಂ. ಮಗಳು ಮಧ್ಯಾಹ್ನದ ಬಿಡುವನ್ನೆಲ್ಲ ಲೈಬ್ರರಿಯ ಮೂಲೆಯಲ್ಲಿ ಕಳೆಯುತ್ತಿದ್ದುದರಿಂದ ಅವಳಿಗೆ ಈ ಮನೆಯ ಕಷ್ಟ ಗೊತ್ತಿತ್ತು. ಸ್ಟೂಲಿನ ಮೇಲಿದ್ದ ಬಟ್ಟೆ ಸರಿಸಿ ಕೂತು, ಚೀಲದಿಂದ ಕಾಗದ ತೆಗೆದಳು.

"ಸರ್ಕಾರ ಹೊಸ ನಿಯಮ ತರ್ಬೇಕು ಅಂತಿದೆ. ಮಕ್ಕಳ ವಯಸ್ಸನ್ನ ಕಂಪನಿಯವರೇ ಪರೀಕ್ಷೆ ಮಾಡ್ಬೇಕು. ದೂರು ಕೊಟ್ರೆ ಎರಡು ದಿನದೊಳಗೆ ತೆಗೀಬೇಕು. ಬುಧವಾರ ಪುರಭವನದಲ್ಲಿ ಸಮಿತಿಯವರು ಜನರ ಮಾತು ಕೇಳ್ತಾರೆ. ನೀವು ಬಂದು ಮಾತಾಡ್ಬೇಕು."

"ನಾನಾ? ಮೈಕ್ ಮುಂದೆ ನಿಂತ್ರೆ ನನ್ನ ಕಾಲೇ ಹೊಲಿಗೆ ಯಂತ್ರ ಆಗುತ್ತೆ ಮೇಡಂ."

"ಆಗ್ಲಿ ಬಿಡಿ. ಅಲ್ಲಿ ಲೆಕ್ಕಾಚಾರ ಹೇಳೋರು ಬೇಕಾದಷ್ಟು ಜನ ಇರ್ತಾರೆ. ಮನೇಲಿ ಅನುಭವಿಸಿದೋರು ಯಾರೂ ಬರಲ್ಲ. ನಾಚಿಕೆ. ಅದಕ್ಕೇ ಕಂಪನಿಯವರಿಗೆ ಸುಲಭ ಆಗಿರೋದು." ಮೇಡಂ ಕಾಗದ ಮುಂದೆ ಹಿಡಿದಳು. "ನಾನೇ ಬರ್ಕೊಂಡು ಬಂದಿದೀನಿ. ಹೆಸರು ಎಲ್ಲೂ ಇಲ್ಲ. ಓದಿದ್ರೆ ಸಾಕು."

ಒಂದೇ ಪುಟ, ಅಚ್ಚುಕಟ್ಟಾಗಿತ್ತು. ಮೂರನೆಯ ಸಾಲಿನಲ್ಲಿ 'ನನ್ನ ಮಗಳು ತಿಳಿವಳಿಕೆಯಿಲ್ಲದೆ ಹದಿನೆಂಟು ವರ್ಷವೆಂದು ನಮೂದಿಸಿದ್ದಳು' ಎಂದಿತ್ತು. ತಾಯಿಯ ಕಣ್ಣು ಅಲ್ಲೇ ನಿಂತಿತು. ಮೇಡಂ ತಪ್ಪೇನೂ ಮಾಡಿರಲಿಲ್ಲ, ಎಲ್ಲರೂ ಹೇಳಿದ್ದನ್ನೇ ಬರೆದಿದ್ದಳು. ಈ ಕಾಗದ ಓದಿದರೆ ಆ ಸಾಲು ಸರ್ಕಾರದ ಕಡತಕ್ಕೆ ಸೇರುತ್ತದೆ, ಮಗಳ ಹೆಸರಿಲ್ಲದಿದ್ದರೂ ಮಗಳ ತಪ್ಪಾಗಿ. ಓದದಿದ್ದರೆ? ತಿದ್ದಿದರೆ?

"ಸರಿ ಇದ್ಯಾ?" ಎಂದಳು ಮೇಡಂ.

"ಹೂಂ" ಎಂದಳು ತಾಯಿ.

ಬುಧವಾರ ಬೆಳಿಗ್ಗೆ ಅವಳು ಒಗೆದ ಬಟ್ಟೆ ಹರವಿ, ಎರಡು ಸಮವಸ್ತ್ರಕ್ಕೆ ಗುಂಡಿ ಹಾಕಿ, ಕಾಗದವನ್ನು ಮಡಿಸಿ ಚೀಲಕ್ಕಿಡುತ್ತಿದ್ದಾಗ ಮಗಳು ಬಾಗಿಲಲ್ಲಿ ನಿಂತಿದ್ದಳು. ಶಾಲೆಗೆ ಹೋಗುವ ಬಟ್ಟೆ ಹಾಕಿರಲಿಲ್ಲ.

"ನನ್ನ ಹೆಸರು ಹೇಳ್ತೀಯಾ?"

"ಇಲ್ಲ ಪುಟ್ಟಾ. ಯಾರೂ ಹೇಳಲ್ಲ."

"ನಾನೂ ಬರ್ತೀನಿ."

"ಅಲ್ಲಿ ನಿಂಗೇನು..." ಎಂದವಳು ಮಗಳ ಮುಖ ನೋಡಿ, ಬಸ್ಸಿಗೆಂದು ಇನ್ನಷ್ಟು ಚಿಲ್ಲರೆ ಎತ್ತಿಕೊಂಡಳು. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು. ಸೀಟು ಖಾಲಿ ಇರಲಿಲ್ಲವೆಂದಲ್ಲ.

ಪುರಭವನದ ಸಭಾಂಗಣದಲ್ಲಿ ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿಗಳು. ವೇದಿಕೆಯ ಮೇಲೆ ಸಮಿತಿಯ ಮೂವರು. ನಡುವೆ ಕೂತಿದ್ದವಳು ನಿವೃತ್ತ ನ್ಯಾಯಾಧೀಶೆ, ಕನ್ನಡಕವನ್ನು ಮೂಗಿನ ತುದಿಗಿಟ್ಟುಕೊಂಡು ಎಲ್ಲವನ್ನೂ ತಾನೇ ಬರೆದುಕೊಳ್ಳುತ್ತಿದ್ದಳು. ಎಡಗಡೆಯ ಮೇಜಿನಲ್ಲಿ ಕಂಪನಿಯ ವಕೀಲ. ಬೆಣ್ಣೆ ಸವರಿದಂಥ ಮಾತಿನವನು. ಮಕ್ಕಳ ಸುರಕ್ಷತೆಯೇ ತಮ್ಮ ಮೊದಲ ಕಾಳಜಿ ಎಂದ. "ಆದರೆ ಮಾನ್ಯರೇ, ಬಳಕೆದಾರರೇ ತಪ್ಪು ವಯಸ್ಸು ಕೊಟ್ಟರೆ ನಾವೇನು ಮಾಡಲು ಸಾಧ್ಯ? ಮನೆಯಲ್ಲಿ ತಂದೆತಾಯಿ ಗಮನಿಸಬೇಕಲ್ಲವೇ? ನಿಯಮ ಬೇಕಿರುವುದು ನಮಗಲ್ಲ, ಮನೆಗಳಿಗೆ."

ಯಾರೋ ಕೆಲವರು ತಲೆಯಾಡಿಸಿದರು. ತಾಯಿಯ ಸರದಿ ಬಂತು.

ಮೈಕು ಅವಳ ಎತ್ತರಕ್ಕಿಂತ ಮೇಲಿತ್ತು. ತಗ್ಗಿಸಲು ಹೋದರೆ ಕೀಂಯ್ ಎಂದಿತು. ಮೊದಲ ಎರಡು ಸಾಲು ಓದಿದಳು. ಮೂರನೆಯ ಸಾಲಿಗೆ ಬಂದಳು. ಕೊನೆಯ ಸಾಲಿನ ಕುರ್ಚಿಯಲ್ಲಿ ಮಗಳು ಎರಡು ಕೈಯನ್ನೂ ಮಂಡಿಯ ಸಂದಿಗೆ ಸಿಕ್ಕಿಸಿಕೊಂಡು ಇವಳನ್ನೇ ನೋಡುತ್ತಿದ್ದಳು. ಐದು ತಿಂಗಳಲ್ಲಿ ಅವಳು ತಾಯಿಯ ಮುಖವನ್ನು ಇಷ್ಟು ಹೊತ್ತು ನೋಡಿರಲಿಲ್ಲ.

"ಇಲ್ಲಿ ಒಂದು ತಪ್ಪಿದೆ" ಎಂದಳು ತಾಯಿ. ಧ್ವನಿ ಯಾರದೋ ಎನ್ನಿಸಿತು. "ಮಗು ವಯಸ್ಸು ಹಾಕ್ಲಿಲ್ಲ. ನಾನು ಹಾಕಿದ್ದು. ಅವಳು ಸ್ಕೂಲಲ್ಲಿದ್ಲು. ಅವಳಿಗೆ ಹನ್ನೊಂದು. ನಾನು ಹದಿನೆಂಟು ಅಂತ ಬರ್ದೆ. ಎಲ್ಲಾರೂ ಅವಳನ್ನ ಬೈದ್ರು. ನಾನು ಸುಮ್ನಿದ್ದೆ. ಇವತ್ತಿನ ತನಕ ಸುಮ್ನಿದ್ದೆ."

ಲೈಬ್ರರಿ ಮೇಡಂ ಕೂತಲ್ಲೇ ಮುಂದಕ್ಕೆ ಬಾಗಿದಳು. ವಕೀಲ ಹಗುರವಾಗಿ ಎದ್ದು ನಿಂತ. "ನಾನು ಹೇಳಿದ್ದನ್ನೇ ತಾಯಿಯವರು ಒಪ್ಪಿಕೊಂಡ ಹಾಗಾಯಿತು."

"ಕೂತ್ಕೊಳಿ, ಅವರದ್ದಿನ್ನೂ ಮುಗಿದಿಲ್ಲ" ಎಂದಳು ನ್ಯಾಯಾಧೀಶೆ. ಆಮೇಲೆ ತಾಯಿಯ ಕಡೆ ತಿರುಗಿದಳು. "ಅಮ್ಮಾ, ಈ ನಿಯಮ ಅವತ್ತೇ ಇದ್ದಿದ್ರೆ ನೀವು ಸುಳ್ಳು ಬರೀತಿರ್ಲಿಲ್ವಾ?"

ತಾಯಿ ಯೋಚಿಸಿದಳು. ಸುಲಭದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. "ಬರೀತಿದ್ದೆ" ಎಂದಳು. "ಆದ್ರೆ ಅವರು ಅದನ್ನ ಒಪ್ಪಬಾರದಿತ್ತು."

ಸಭೆಯಲ್ಲಿ ಯಾರೋ ನಕ್ಕರು. ಅವಳಿಗೆ ನಗುವಿನ ಕಾರಣ ತಿಳಿಯಲಿಲ್ಲ. ಕಾಗದ ಮಡಿಸಿ, ವಕೀಲನಿಗೇ ಹೇಳತೊಡಗಿದಳು. "ನಾನು ಟೈಲರು ಸಾರ್. ದಿನಾ ತಾಯಂದಿರು ಬಂದು ನನ್ನ ಮಗನ ಎದೆ ಇಷ್ಟು, ಮಗಳ ಎತ್ತರ ಅಷ್ಟು ಅಂತ ಹೇಳ್ತಾರೆ. ಬಾಯಿಮಾತಿನ ಮೇಲೆ ನಾನು ಕತ್ತರಿ ಇಡಲ್ಲ. ಮಗುನ ಕರ್ಕೊಂಡು ಬನ್ನಿ ಅಂತೀನಿ. ಟೇಪ್ ಹಿಡೀತೀನಿ. ತಾಯಿ ಸುಳ್ಳಿ ಅಂತಲ್ಲ, ಅವಳಿಗೆ ಅವಸರ, ಮನೇಲಿ ನೂರೆಂಟು ಕೆಲಸ, ಸುಮ್ನೆ ಅಂದಾಜಲ್ಲಿ ಹೇಳ್ಬಿಡ್ತಾಳೆ. ಒಂದು ಅಂಗಿ ಕೆಟ್ರೆ ಬಿಚ್ಚಿ ಹೊಲೀಬಹುದು. ಅಂಗಿಗೇ ನಾನು ಅಷ್ಟು ನೋಡ್ತೀನಿ. ನೀವು ಒಂದು ಮಗುನ ಅಷ್ಟು ಜನ ಗೊತ್ತಿಲ್ಲದವರ ನಡುವೆ ಬಿಡೋವಾಗ ಒಂದೇ ಒಂದು ಸಲ ಕಣ್ಣೆತ್ತಿ ನೋಡ್ಲಿಲ್ಲ. ನನ್ನ ತಪ್ಪು ನನ್ನದೇ, ಅದನ್ನ ನಾನು ಹೊರ್ತೀನಿ. ನಿಮ್ಮದನ್ನೂ ನನ್ನ ತಲೆ ಮೇಲೆ ಇಡ್ಬೇಡಿ."

ನ್ಯಾಯಾಧೀಶೆ ಬರೆದುಕೊಂಡಳು. ಎಷ್ಟೋ ಹೊತ್ತು ಬರೆದಳು. ನಿಯಮ ಬರುತ್ತದೋ ಇಲ್ಲವೋ, ಬಂದರೂ ಯಾವಾಗಲೋ, ಅವತ್ತು ಯಾರೂ ಹೇಳಲಿಲ್ಲ. "ಮುಂದಿನವರು" ಎಂದು ಗುಮಾಸ್ತ ಕೂಗಿದ.

ತಾಯಿ ಮೈಕು ಬಿಟ್ಟು ಹಿಂದಿರುಗಿದಾಗ ಕೊನೆಯ ಸಾಲಿನ ಆ ಕುರ್ಚಿ ಖಾಲಿಯಿತ್ತು. ಹೊರಗೋಡಿದಳು. ಮೆಟ್ಟಿಲು ಇಳಿದು, ರಸ್ತೆ ದಾಟಿ ನೋಡಿದರೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಪಟಪಟಿ ಕೂತಿದ್ದಳು. ತಾಯಿ ಒಂದು ಮೊಳ ಜಾಗ ಬಿಟ್ಟು ಕೂತಳು. ಬಿಸಿಲಿಗೆ ಕಲ್ಲು ಕಾದಿತ್ತು.

"ಪುಟ್ಟಾ, ನಾನು..."

"ಗೊತ್ತಿತ್ತು."

"ಯಾವಾಗಿಂದ?"

"ಮೊದಲ್ನೇ ದಿನದಿಂದ. ನಾನು ಹಾಕಿಲ್ಲ ಅಂತ ನಂಗೆ ಗೊತ್ತಲ್ಲ. ಅಪ್ಪ ಸಮುದ್ರದಲ್ಲಿ. ಅತ್ತೆಗೆ ಫೋನಲ್ಲಿ ಅಲಾರಂ ಇಡಕ್ಕೂ ಬರಲ್ಲ. ಇನ್ಯಾರು ಉಳೀತಾರೆ?"

"ಮತ್ತೆ ಯಾಕೆ ಹೇಳ್ಲಿಲ್ಲ ನೀನು?"

"ನೀನು ಹೇಳ್ತೀಯ ಅಂತ ಕಾಯ್ತಿದ್ದೆ." ಹುಡುಗಿ ಚಪ್ಪಲಿಯ ತುದಿಯಿಂದ ನೆಲ ಕೆರೆಯುತ್ತಿದ್ದಳು. "ಅತ್ತೆಗೆ ಹೇಳಿದ್ಯಾ?"

"ಇನ್ನೂ ಇಲ್ಲ."

"ಅಪ್ಪಂಗೆ?"

"ಇಲ್ಲ."

"ಅಂದ್ರೆ ಮನೇಲಿ ಯಾರಿಗೂ ಹೇಳ್ದೆ, ಗೊತ್ತಿಲ್ಲದವರ ಮುಂದೆ ಹೇಳ್ದೆ."

ಮಗಳ ಧ್ವನಿಯಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ಬಹುಶಃ ಅವಳಿಗೆ ಆ ದಾರಿ ಚೆನ್ನಾಗಿ ಪರಿಚಯವಿತ್ತು. ತಾಯಿ ಫೋನು ತೆಗೆದು ಅತ್ತಿಗೆಯ ನಂಬರು ಒತ್ತಿದಳು. ಮಗಳಿಗೂ ಕೇಳಿಸಲೆಂದು ಸ್ಪೀಕರ್ ಹಾಕಿದಳು.

"ಅತ್ತಿಗೆ, ನಾನೇ ಹಾಕಿದ್ದು."

"ಏನು ಹಾಕಿದ್ದು? ಬೇಗ ಹೇಳು, ಒಲೆ ಮೇಲೆ ಹಾಲಿಟ್ಟಿದೀನಿ."

"ಪಟಪಟಿ ವಯಸ್ಸು. ಹದಿನೆಂಟು ಅಂತ ಹಾಕಿದ್ದು ಅವಳಲ್ಲ, ನಾನು."

ಆಚೆ ಕಡೆಯಿಂದ ಒಂದು ನಿಟ್ಟುಸಿರು ಬಂತು. "ನೋಡು, ತಾಯಿ ಕರುಳು ನಂಗೂ ಅರ್ಥ ಆಗುತ್ತೆ. ಮಗಳ ತಪ್ಪನ್ನ ನೀನು ಮೈಮೇಲೆ ಎಳ್ಕೋತಿದೀಯ. ಊರ ಬಾಯಿ ಹೊಲಿಯಕ್ಕೆ ಆಗಲ್ಲ ಕಣೇ, ನೀನು ಎಂಥ ಟೈಲರ್ ಆಗಿದ್ರೂ..."

"ಅತ್ತಿಗೆ, ಎಳ್ಕೋತಾ ಇಲ್ಲ. ನನ್ನದೇ. ಐದು ತಿಂಗಳು ಅವಳ ಮೈಮೇಲೆ ಬಿಟ್ಟಿದ್ದೆ."

"ಅಯ್ಯೋ, ಬಿಡು, ಬಿಸಿಲಲ್ಲಿ ತಲೆ ಕೆಟ್ಟಿದೆ ನಿಂಗೆ. ಮನೆಗೆ ಬಾ."

"ಬಂದೂ ಇದನ್ನೇ ಹೇಳ್ತೀನಿ. ನಾಳೇನೂ ಹೇಳ್ತೀನಿ. ನೀವು ನಂಬಿ ಅವಳ ಹತ್ರ ಮಾತಾಡೋ ತನಕ ದಿನಾ ಮಹಡಿ ಹತ್ತಿ ಬಂದು ಹೇಳ್ತೀನಿ."

"ಹಾಲುಕ್ತು!" ಎಂದು ಅತ್ತಿಗೆ ಚೀರಿದಳು. ಫೋನು ಕಟ್ಟಾಯಿತು.

ನಿಲ್ದಾಣದಲ್ಲಿ ಕಾಯುತ್ತಿದ್ದ ಮುದುಕನೊಬ್ಬ ಇವರ ಕಡೆ ನೋಡಿ ಮುಖ ತಿರುಗಿಸಿದ. ತಡವಾಗಿ ಹೇಳಿದ ನಿಜಕ್ಕೆ ಇಷ್ಟು ಕಡಿಮೆ ಬೆಲೆಯೆಂದು ತಾಯಿಗೆ ಗೊತ್ತಿರಲಿಲ್ಲ. ಒಂದೇ ಸಲ ಹೇಳಿ ಹಗುರಾಗಿಬಿಡಬಹುದು ಎಂದುಕೊಂಡಿದ್ದಳು. ಇನ್ನು ಎಷ್ಟು ಮನೆ, ಎಷ್ಟು ಗಿರಾಕಿಗಳು, ಆ ಶಾಲೆಯ ಎಷ್ಟು ತಾಯಂದಿರು.

ಬಸ್ಸು ಬಂತು. ಹುಡುಗಿ ಮೊದಲು ಹತ್ತಿ ಕಿಟಕಿಯ ಪಕ್ಕ ಕೂತಳು. ತಾಯಿ ಸೀಟುಗಳ ನಡುವೆ ಕಂಬಿ ಹಿಡಿದು ನಿಂತಳು, ಎಲ್ಲಿ ಕೂರಬೇಕೆಂದು ತಿಳಿಯದೆ.

"ಅಪ್ಪಂದು ಭಾನುವಾರ ಎಷ್ಟು ಗಂಟೆಗೆ ಬರುತ್ತೆ ಫೋನು?" ಎಂದಳು ಮಗಳು, ಕಿಟಕಿಯ ಕಡೆಯೇ ನೋಡುತ್ತ.

ಐದು ತಿಂಗಳಲ್ಲಿ ಅಪ್ಪನ ಫೋನಿನ ಬಗ್ಗೆ ಅವಳು ಕೇಳಿದ್ದು ಅದೇ ಮೊದಲು. "ಹನ್ನೊಂದಕ್ಕೆ."

"ನೀನು ಹೇಳೋವಾಗ ನಾನು ಪಕ್ಕದಲ್ಲೇ ಕೂತಿರ್ತೀನಿ."

ಅದು ಕಾವಲೋ, ಜೊತೆಯೋ, ತಾಯಿಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ. "ಕೂತಿರು" ಎಂದು, ಅವಳ ಪಕ್ಕದ ಸೀಟಿನಲ್ಲಿ ಕೂತಳು. ಭಾನುವಾರಕ್ಕೆ ಇನ್ನೂ ನಾಲ್ಕು ದಿನವಿತ್ತು.